ಒದ್ದೆ ನೆಲ

ಅಮ್ಮಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದನ್ನು ಬದುಕಿರುವ ಯಾರಿಗೂ ಹೇಳಲಾರೆ.

ಧಾರಾವಿಯಲ್ಲಿ ಅವರಿದ್ದ ಚಾಳ್ ಕೆಡವಿದ ಮೇಲೆ ನಿನ್ನ ತಂಗಿ ಚಿಕ್ಕಮ್ಮ, ಚಿಕ್ಕಪ್ಪನನ್ನು ಕರೆದುಕೊಂಡು ಭಾಂಡುಪ್‌ಗೆ ನಮ್ಮಲ್ಲಿಗೇ ಬಂದಿದ್ದಳು. ಹದಿನೈದು ದಿನ ಎಂದವರು ಏಳು ತಿಂಗಳಿದ್ದರು. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ನಿನ್ನ ಮೊಮ್ಮಗಳು ಶ್ರಾವ್ಯಾ ಹತ್ತನೆಯ ಪರೀಕ್ಷೆಗೆ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತು ಓದಿದಳು. ನನಗೆ ಅಳಬೇಕೆನಿಸಿದರೂ ಬಾತ್‌ರೂಮಿಗೆ ಸರದಿ ಕಾಯಬೇಕಿತ್ತು.

ಇವತ್ತು ಬೆಳಿಗ್ಗೆ ಅವರು ಗೋರೆಗಾಂವ್‌ನ ಬಾಡಿಗೆ ಮನೆಗೆ ಹೊರಟರು. "ಬರ್ತೇನೆ ಮಗಾ" ಎಂದಳು ಚಿಕ್ಕಮ್ಮ. ಕೆಳಗೆ ರಿಕ್ಷಾದ ಸದ್ದು ಕೇಳಿದ್ದೇ ತಡ, ನಾನು ಹಿಡಿಸೂಡಿ ಹಿಡಿದೆ. ಹುಚ್ಚಿಯಂತೆ ಮೂಲೆಮೂಲೆ ಗುಡಿಸಿದೆ, ನೀರು ಸುರಿದು ಒರೆಸಿದೆ. ಹೋದವರ ಬೆನ್ನಿಗೇ ಗುಡಿಸಬಾರದು, ಅದು ಹೆಣ ಹೊರಟ ಮನೆಯ ಕ್ರಮ ಎಂದು ನೀನೇ ಕಲಿಸಿದ್ದೆ. ನೆನಪಾಗಲಿಲ್ಲ ಎಂದರೆ ಸುಳ್ಳು.

ತಲೆಯೆತ್ತಿದರೆ ಬಾಗಿಲಲ್ಲಿ ಚಿಕ್ಕಮ್ಮ. ಕನ್ನಡಕ ಮರೆತು ವಾಪಸು ಬಂದಿದ್ದಳು. ಹಿಡಿಸೂಡಿ ನೋಡಿದಳು, ನೆಲ ನೋಡಿದಳು.

"ಒದ್ದೆ ಉಂಟಲ್ಲ ಮಗಾ, ನಾನು ಒಳಗೆ ಬರುದಿಲ್ಲ. ನೀನೇ ತಂದು ಕೊಡು."

ತಂದು ಕೊಟ್ಟೆ. ಈ ಸಲ ಅವಳು "ಬರ್ತೇನೆ" ಎನ್ನಲಿಲ್ಲ.

ಆಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ಮನೆ ಮತ್ತೆ ನನ್ನದಾಗಿದೆ ಅಮ್ಮಾ, ಇದರೊಳಗೆ ಉಸಿರಾಡಲು ಆಗುತ್ತಿಲ್ಲ. ನಿನ್ನನ್ನು ಹೊತ್ತೊಯ್ದ ದಿನ ಈ ಮನೆ ಗುಡಿಸಲು ನನಗೆ ಕೈಯೇ ಬರಲಿಲ್ಲ. "ನೀನು ಮುಟ್ಟಬೇಡ ಮಗಾ" ಎಂದು ಹಿಡಿಸೂಡಿ ಕಿತ್ತುಕೊಂಡು ಗುಡಿಸಿದವಳು ಅವಳೇ.