ಸರೋಜತ್ತೆಯ ಕೆಂಪು ಸೆಟ್ಟು

ನನ್ನ ಲೈನ್‌ಮನ್ ಅಪ್ಪನಿಗೆ,

ನಂಜನಗೂಡಿನ ಮನೆಯಿಂದ ನಿನ್ನ ಮಗಳು ಜಯ ಬರೀತಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ಬೈಬೇಡ. ನಿನ್ನ ಟ್ರಂಕು ತೆಗೆದೆ. ಇಕ್ಕಳ, ಟೆಸ್ಟರ್, ಖಾಕಿ ಚೀಲ ಎಲ್ಲದರ ಕೆಳಗೆ ಟವೆಲ್ಲಲ್ಲಿ ಸುತ್ತಿಟ್ಟಿದ್ದೆಯಲ್ಲ ಸರೋಜತ್ತೆಯ ಕೆಂಪು ಫೋನು, ಅದನ್ನ ಆಚೆ ತೆಗೆದಿದ್ದೀನಿ. ಯಾಕೆ ಅಂತೀಯಾ? ತಾಳು, ಹೇಳ್ತೀನಿ.

ನರಸೀಪುರದ ಆ ಮಧ್ಯಾಹ್ನ ನಾನೂ ಅಲ್ಲೇ ಇದ್ದೆ, ಹೈಸ್ಕೂಲ್ ರಜಕ್ಕೆ ಅತ್ತೆ ಮನೆಗೆ ಹೋಗಿದ್ದೆ. ಅತ್ತೆ ಮನೆ ಫೋನ್ ಇದ್ದದ್ದು ಮುಂದುಗಡೆ, ಮಾವನ ರಾಗಿ ಮಂಡಿಯಲ್ಲಿ. ಗಂಡನ ಮನೆಯಿಂದ ಮಗಳು ಫೋನ್ ಮಾಡಿದರೆ ಅತ್ತೆ ಮೂಟೆ ಹೊರೋರ ಎದುರು ನಿಂತೇ ಮಾತಾಡಬೇಕು. ಆ ಕಡೆ ಮಗಳು ಅಳ್ತಿದ್ದರೂ ಈ ಕಡೆ ಇವಳು "ಊಂ, ಊಂ" ಅಂತ ನಗುಮುಖ ಇಟ್ಕೊಂಡಿರಬೇಕು. ಅದಕ್ಕೇ ಪಾಪ, ಮೈಸೂರಲ್ಲಿ ಸ್ವಂತಕ್ಕೊಂದು ಸೆಟ್ಟು ಕೊಂಡು, ಯಾರನ್ನೋ ಹಿಡಿದು, ಪರ್ಮಿಷನ್ ಇಲ್ಲದೆ ಅದೇ ಲೈನಿಂದ ಅಡುಗೆಮನೆಗೆ ತಂತಿ ಎಳೆಸಿಬಿಟ್ಟಿದ್ದಳು. ಆ ಏರಿಯಾದ ಟೆಲಿಫೋನ್ ಲೈನ್‌ಮನ್ ನೀನೇ ಅಂತ ಗೊತ್ತಿದ್ದೂ. ಅಣ್ಣ ತಾನೇ, ಕಂಡೂ ಕಾಣದ ಹಾಗೆ ಇರ್ತಾನೆ ಅಂದ್ಕೊಂಡಿದ್ದಳೋ ಏನೋ...

"ಅಣ್ಣ ಆಗಿ ಬಂದಿಲ್ಲ ಕಣವ್ವ, ಡ್ಯೂಟಿ ಮೇಲೆ ಬಂದಿದ್ದೀನಿ" ಅಂದೆ ನೀನು. ಒಗ್ಗರಣೆ ಹಾಕ್ತಿದ್ದವಳ ಕಣ್ಣೆದುರಿಗೇ ತಂತಿ ಕಿತ್ತು ಸುತ್ತಿದೆ. ಸೆಟ್ಟನ್ನ ಮಾತ್ರ ಅವಳ ಕೈಗೆ ಕೊಡೋಕೆ ಹೋದೆ. ಅತ್ತೆ ಮುಟ್ಟಲಿಲ್ಲ. "ಅದ್ನೂ ನೀನೇ ಒತ್ಕೊಂಡೋಗು! ಇನ್ಮೇಲೆ ನಿನ್ ತಂತಿನೂ ಬ್ಯಾಡ, ನಿನ್ ಮಾತೂ ಬ್ಯಾಡ" ಅಂದಳು. ಬಸ್ಸಲ್ಲಿ ವಾಪಸ್ ಬರುವಾಗ ನಾನು ನಿನ್ನ ಪಕ್ಕ ಕೂತಿರಲಿಲ್ಲ, ಗೊತ್ತಾಯ್ತಾ ನಿನಗೆ? ಅಷ್ಟು ಕೋಪ ಬಂದಿತ್ತು.

ಆಮೇಲೆ ನೀನು ಮಾಡಿದ್ದು ಅಮ್ಮನ ಬಾಯಿಂದ ತಿಳೀತು. ಎರಡನೇ ಸೆಟ್ಟಿಗೆ ಅರ್ಜಿ ಹಾಕೋಕೆ ಮಾವನನ್ನ ಒಪ್ಪಿಸಿ, ಆಫೀಸಿಗೆ ಅಲೆದು ಮಂಜೂರು ಮಾಡಿಸಿದೆಯಂತೆ. ಗೌರಿ ಹಬ್ಬಕ್ಕೆ ತವರಿನ ಬಾಗಿನದ ಜೊತೆ ಆ ಕಾಗದ, ಈ ಸೆಟ್ಟು ಎರಡನ್ನೂ ತಗೊಂಡು ಹೋದೆಯಂತೆ. ಅತ್ತೆ ಬಾಗಿಲೇ ತೆಗೀಲಿಲ್ಲ. ಮಾರನೇ ವರ್ಷನೂ ಇಲ್ಲ. ಆಮೇಲೆ ನೀನು ಕಾಗದವನ್ನೂ ಸೆಟ್ಟನ್ನೂ ಟ್ರಂಕಿಗೆ ಹಾಕಿದೆ, ಬಾಗಿನ ಮಾತ್ರ ಪ್ರತಿವರ್ಷ ಅಮ್ಮನ ಕೈಲಿ ಕಟ್ಟಿಸ್ತಾನೇ ಇದ್ದೆ. ನೀನು ಹೋದ ದಿನ ಅತ್ತೆ ಬಂದಳು. ನಿನ್ನ ಕಾಲ ಹತ್ತಿರ ನಿಂತಳು. ನಮ್ಮ ಹತ್ತಿರ ಒಂದು ಮಾತೂ ಆಡದೆ ಹೊರಟುಹೋದಳು.

ಈಗ ಕೇಳು. ಲಗ್ನಪತ್ರಿಕೆ ಟೈಪ್ ಮಾಡೋ ನನ್ನ ಕೆಲಸಕ್ಕೆ ಮನೆಗೆ ಇಂಟರ್ನೆಟ್ ಹಾಕಿಸಿದೆ. ಅದರ ಜೊತೆಗೇ ಫೋನ್ ಕೂಡ ಬರುತ್ತಪ್ಪ! ಒಂದು ಪುಟ್ಟ ಪೆಟ್ಟಿಗೆ, ಅದಕ್ಕೆ ಸೆಟ್ಟು ಸಿಕ್ಕಿಸಿದರೆ ಅದೇ ಕಂಪನಿಯ ಕನೆಕ್ಷನ್ ಇರೋ ಬೇರೆ ಮನೆಗಳಿಗೆ ಮಾತಾಡಬಹುದು. ನರಸೀಪುರದಲ್ಲಿ ಅತ್ತೆಯ ಸೊಸೆ ರೇಖಾ ಕೂಡ ಹಾಕಿಸಿದ್ದಾಳೆ. ಫಾರಂನಲ್ಲಿ ಏನಿತ್ತು ಗೊತ್ತಾ? "ಸ್ವಂತ ಸೆಟ್ಟು ಬಳಸುವಿರಾ?" ಸ್ವಂತ ಸೆಟ್ಟು! ಓದಿ ಅಲ್ಲೇ ಅಳು ಬಂತು. ಹೌದು ಅಂತ ಟಿಕ್ ಹಾಕಿದೆ.

ಪೆಟ್ಟಿಗೆ ಕೂರಿಸೋಕೆ ಬಂದವನು ಕೆಂಪು ಸೆಟ್ಟು ಹಚ್ಚಿ ನೋಡಿದ. ಟೋನ್ ಬಂತು, ನಂಬರ್ ಮಾತ್ರ ಹೋಗಲೊಲ್ಲದು. "ಹಳೇ ಪೀಸು ಮೇಡಂ, ಬಿಸಾಕಿ. ನಮ್ದೇ ತಗೊಳ್ಳಿ" ಅಂದ. ಬಿಸಾಕೋದಾ? ಕಿವಿಗಿಟ್ಟು ಒಂದು ಬಟನ್ ಒತ್ತಿದೆ. ಒಳಗೆ ಕಟಕಟ ಅಂತು. "ಕಟಕಟ ಅಂದ್ರೆ ಹಳೇ ಎಕ್ಸ್‌ಚೇಂಜಿನ ಭಾಷೆ, ಪೀಪೀ ಅಂದ್ರೆ ಹೊಸದು. ತಳದ ಗುಂಡಿ ಇತ್ತ ತಳ್ಳಿದ್ರೆ ಅದು, ಅತ್ತ ತಳ್ಳಿದ್ರೆ ಇದು" ಅಂತ ನನ್ನನ್ನ ಪಕ್ಕ ಕೂರಿಸ್ಕೊಂಡು ಸೆಟ್ಟು ಬಿಚ್ಚಿ ತೋರಿಸಿದ್ದೆಯಲ್ಲ? ಸೆಟ್ಟು ಮಗುಚಿ, ತಳದಲ್ಲಿದ್ದ ಗುಂಡಿಯನ್ನ ಹೇರ್‌ಪಿನ್ನಲ್ಲಿ ಹೊಸದರ ಕಡೆಗೆ ತಳ್ಳಿದೆ. ಮತ್ತೆ ಬಟನ್ ಒತ್ತಿದರೆ ಪೀಪೀ! ನಂಬರ್ ಹೋಯ್ತು. ಅವನು ಕಣ್ಣು ಕಣ್ಣು ಬಿಟ್ಟ. "ಎಲ್ಲಿ ಕಲಿತ್ರಿ ಮೇಡಂ?" ಅಂದ. "ನಮ್ಮಪ್ಪ ಲೈನ್‌ಮನ್" ಅಂದೆ. ಹಾಗೆ ಹೇಳುವಾಗ ನನ್ನ ದನಿ ಎಷ್ಟು ಜೋರಾಗಿತ್ತು ಅಂದ್ರೆ ಒಳಗಿಂದ ಅಮ್ಮ ಓಡಿ ಬಂದಳು.

ಮೊದಲ ಫೋನು ನರಸೀಪುರಕ್ಕೇ ಮಾಡಿದೆ. ರೇಖಾ ಹೇಗೆ ಪುಸಲಾಯಿಸಿದಳೋ, ಅತ್ತೆ ಲೈನಿಗೆ ಬಂದಳು.

"ಯಾವ ಫೋನಿಂದ ಮಾತಾಡ್ತಿದ್ದೀಯೇ?"

"ನಿಮ್ದೇ ಅತ್ತೆ. ಆ ಕೆಂಪು ಸೆಟ್ಟು. ಅಪ್ಪ ಜೋಪಾನವಾಗಿ ಇಟ್ಟಿದ್ದ."



"ಪರ್ಮಿಷನ್ ಐತಾ?" ಅಂದಳು ಅತ್ತೆ. "ನೋಡ್ಕೊ ಮತ್ತೆ, ಅಣ್ಣ ಬಂದು ಕಿತ್ತಾಕ್ಬುಟ್ಟಾನು..."

ನಗೋಕೆ ಹೊರಟವಳು ಹೋ ಅಂತ ಅತ್ತುಬಿಟ್ಟಳು. ಅಡುಗೆಮನೆಯಲ್ಲೇ ಕೂತಿದ್ದಳಂತೆ ಅಪ್ಪಾ, ರೇಖಾ ಫೋನ್ ಹಾಕಿಸಿರೋದು ಅಲ್ಲಿಗೇ. ಎದುರಿಗೆ ಯಾರೂ ಇರಲಿಲ್ಲ. ಮನಸಾರೆ ಅತ್ತಳು.

ಈ ಗೌರಿಗೆ ಬಾಗಿನ ನಾನೇ ತಗೊಂಡು ಹೋಗ್ತೀನಿ. ನೀನು ಮಂಜೂರು ಮಾಡಿಸಿದ ಆ ಹಳೇ ಕಾಗದವನ್ನೂ ಮೊರದಲ್ಲಿ ಇಟ್ಟಿರ್ತೀನಿ. ಬಾಗಿಲು ತೆಗೆದಿರ್ತೀನಿ ಅಂದಿದ್ದಾಳೆ ನಿನ್ನ ತಂಗಿ.

ನಿನ್ನ ಮಗಳು,
ಜಯ