ಜುಲೈನಲ್ಲಿ ಆರಿಸಿದ ಒಲೆ

ಜುಲೈ ೧೧, ಮಂಗಳವಾರ. ಶ್ರಾಪ್‌ಷೈರ್.

ಸೆಕೆಗೆ ಇವತ್ತೂ ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಒಳಗೆ ಅಡುಗೆಗೂ ಮನೆ ಬೆಚ್ಚಗಿಡಲೂ ಇರುವ ಎರಕದ ಕಬ್ಬಿಣದ ದೊಡ್ಡ ಒಲೆ ಎಂದಿನಂತೆ ಹಗಲೂ ರಾತ್ರಿ ಉರಿಯುತ್ತಿತ್ತು. ವಾರಕ್ಕೆ ನಲವತ್ತು ಲೀಟರ್ ಸೀಮೆಎಣ್ಣೆ. ಬಿಸಿ ಕಿಟಕಿಯಿಂದ ಆಚೆಗೆ, ಹೊಗೆ ಆಕಾಶಕ್ಕೆ.

“ಅತ್ತೆ, ಯಾರನ್ನ ಬೆಚ್ಚಗಿಡ್ತಿದ್ದೀವಿ, ಹೊಲದ ಕುರಿಗಳನ್ನಾ?” ಎಂದೆ.

“ಮೂವತ್ತೆಂಟು ವರ್ಷದಿಂದ ಇದಕ್ಕೇ ಬೆನ್ನು ಕೊಟ್ಟು ನಿಂತಿದೀನಿ ಕಣೇ. ದಿನವಿಡೀ ತಣ್ಣನೆ ಅಂಗಡೀಲಿ ಚೀಸ್ ಮಾರೋ ನಿನಗೆ ಅದೆಲ್ಲಿ ಅರ್ಥ ಆಗುತ್ತೆ!” ಎಂದರು ಹೆಸ್ಟರ್ ಅತ್ತೆ.

ಮಧ್ಯಾಹ್ನ ಆರಿಸಿಯೇ ಬಿಟ್ಟೆ. ಅವರ ಟೀಗೆ ಕರೆಂಟಿನ ಕೆಟಲ್ ಸಾಕು.

ರಾತ್ರಿ ನೀರು ಕುಡಿಯಲು ಹೋದರೆ ಅತ್ತೆ ಕತ್ತಲಲ್ಲಿ ಅದೇ ಒಲೆಗೆ ಒರಗಿ ನಿಂತಿದ್ದರು. ಕಬ್ಬಿಣದಲ್ಲಿ ಇನ್ನೂ ಒಂದಿಷ್ಟು ಬಿಸಿ ಉಳಿದಿತ್ತು. ಪೋಲು ಮಾಡುವುದೇಕೆಂದು ನಾನೂ ಪಕ್ಕದಲ್ಲಿ ಒರಗಿದೆ.

“ಅಕ್ಟೋಬರ್‌ವರೆಗೂ ಹಚ್ಚಲ್ಲ ಅತ್ತೆ.”

“ಗೊತ್ತು. ಸುಮ್ನೆ ನಿಂತ್ಕೋ.”

ಪೂರ್ತಿ ತಣ್ಣಗಾಗುವವರೆಗೂ ನಿಂತಿದ್ದೆವು. ಹಚ್ಚುವುದಿಲ್ಲ. ಅಕ್ಟೋಬರ್ ಬಂದರೂ ಆದಷ್ಟು ದಿನ ಮುಂದೂಡುತ್ತೇನೆ.