ಜೊತೆ ಬೇಕು, ಜೊತೆ ಇದ್ದೇನೆ

೯ ಜನವರಿ ೨೦೦೫, ಭಾನುವಾರ

ಬೆಳಿಗ್ಗೆಯಿಂದ ಲೈನ್ ಕಟ್ ಆಗುತ್ತಲೇ ಇದೆ. ಅಂತೂ ಮೋಡೆಮ್ ಕಿರುಚಿಕೊಂಡು ಸೇರಿತು ಅನ್ನುವಾಗ ಹೆಂಡತಿ ಶಾರದಾ ಬಂದು ಫೋನ್ ಎತ್ತಿದಳು. ಮತ್ತೆ ಕಟ್, ಎರಡಕ್ಕೂ ಒಂದೇ ತಂತಿ. ತಂಗಿಯ ಹತ್ತಿರ ಮಾತಾಡಬೇಕಂತೆ. "ನೀವು ಇಂಟರ್‌ನೆಟ್‌ಗೆ ಕೂತ್ರೆ ನಮ್ಮ ಕಡೆಯವರಿಗೆಲ್ಲ ನಾವು ಊರು ಬಿಟ್ಟ ಹಾಗೆ," ಎಂದಳು.

ಆದರೂ ಕೆಲಸ ಆಯಿತು. ದೆಹಲಿ ಕನ್ನಡಿಗರಿಗೆಂದು ನಾನು ಮಾಡಿದ ವೆಬ್‌ಸೈಟಿಗೆ ಇವತ್ತು ಎರಡು ಕಾಲಮ್ ಹಾಕಿದೆ. ಎಡಕ್ಕೆ 'ಜೊತೆ ಬೇಕು', ಬಲಕ್ಕೆ 'ಜೊತೆ ಇದ್ದೇನೆ'. ರೈಲಿನಲ್ಲಿ ಒಬ್ಬರೇ ಹೋಗಲು ಅಂಜುವವರು ಎಡಕ್ಕೆ, ಜೊತೆ ಕೊಡುವವರು ಬಲಕ್ಕೆ ತಾವೇ ಹೆಸರು, ನಂಬರು ಹಾಕಬಹುದು. ಇಷ್ಟು ದಿನ ಊರಿಂದ ಯಾರು ಬರುತ್ತಾರೆ, ಯಾರ ಕೈಲಿ ಕಾಫಿಪುಡಿ ತರಿಸಬಹುದು ಅನ್ನುವುದಷ್ಟೇ ಇತ್ತು. ದೆಹಲಿಯ ಕನ್ನಡಿಗ ರಜ ಹಾಕಿದ ಅಂದರೆ ಅವನ ಸೂಟ್‌ಕೇಸ್ ಅವನದಲ್ಲ. ಹೋಗುವಾಗ ಎಲ್ಲರ ಸ್ವೆಟರ್, ಬರುವಾಗ ಎಲ್ಲರ ಸಾರಿನಪುಡಿ. ಇದೆಲ್ಲ ಮೊದಲು ಕರೋಲ್ ಬಾಗ್‌ನ ಈಶ್ವರಪ್ಪನವರ ಬಾಯಲ್ಲೇ ನಡೆಯುತ್ತಿತ್ತು. ಒಂದು ಫೋನ್ ಮಾಡಿದರೆ ಸಾಕು, ಮುಂದಿನ ವಾರ ಯಾರು ಬರುತ್ತಾರೆ, ಯಾವ ಬೋಗಿ, ಯಾರ ಸ್ವಭಾವ ಹೇಗೆ, ಎಲ್ಲ ಹೇಳುತ್ತಿದ್ದರು. ಈಗ ನನ್ನ ಸೈಟು ಬಂದಿದೆ. ಅವರಿಗೆ ಒಳಗೊಳಗೇ ಬೇಜಾರಿರಬಹುದು.

ಕನ್ನಡ ಅಕ್ಷರ ಅರ್ಧ ಜನರ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತದಂತೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ. ಫ್ರೀ ಹೋಸ್ಟಿಂಗ್ ಕೊಟ್ಟವನು ನೆತ್ತಿಯ ಮೇಲೊಂದು ಜಾಹೀರಾತು ಕೂರಿಸಿದ್ದಾನೆ, ತೂಕ ಇಳಿಸುವ ಮಾತ್ರೆಯದು. ಇರಲಿ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು.

೧೧, ಮಂಗಳವಾರ

ಸೈಟಿನಿಂದ ಪಾಸ್‌ವರ್ಡ್ ತೆಗೆದುಬಿಟ್ಟೆ. ಸಾಕಾಗಿ ಹೋಯಿತು. ಅಂಡರ್ ಸೆಕ್ರೆಟರಿ ಎದುರು ಕೂತಿದ್ದಾಗ ಆಫೀಸಿಗೇ ಫೋನ್— "ಶಂಕರ್ ಅವರೇ, ನನ್ನ ಪಾಸ್‌ವರ್ಡ್ ಏನು?" ಅವರ ಪಾಸ್‌ವರ್ಡ್ ನನಗೆ ಹೇಗೆ ಗೊತ್ತು.

ಈಗ ಪ್ರತಿ ಹೆಸರಿನ ಪಕ್ಕ 'ತೆಗೆ' ಎಂದು ಒಂದು ಲಿಂಕ್. ಪ್ರಯಾಣ ಮುಗಿದವರು ಒತ್ತಿದರೆ ಹೆಸರು, ನಂಬರು ಎಲ್ಲ ಹೋಗುತ್ತದೆ. ಸಾತ್ವಿಕ್‌ಗೆ ತೋರಿಸಿದೆ. ಮಗ ಗ್ರೇಟರ್ ನೋಯ್ಡಾದ ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಎಲ್ಲದರಲ್ಲೂ ಅನುಮಾನ. ಯಾರು ಬೇಕಾದರೂ ಯಾರದನ್ನು ಬೇಕಾದರೂ ತೆಗೆಯಬಹುದಲ್ಲ ಎಂದ.

"ನೋಡೋರೆಲ್ಲ ನಮ್ಮವರೇ ಕಣೋ. ಯಾಕೆ ತೆಗೀತಾರೆ?"

"ಪಪ್ಪಾ, ಇಂಟರ್‌ನೆಟ್ ಪೆ ಕೋಯಿ ಅಪ್ನಾ ನಹೀಂ ಹೋತಾ." ಇಂಟರ್‌ನೆಟ್ಟಿನಲ್ಲಿ ನಮ್ಮವರು ಅಂತ ಯಾರೂ ಇಲ್ಲವಂತೆ. ದೆಹಲಿಯಲ್ಲಿ ಬೆಳೆದ ಹುಡುಗ, ಹೀಗೇ ಮಾತಾಡುವುದು.

೧೭, ಸೋಮವಾರ

ಮೊಮ್ಮಗಳು. ಮಧ್ಯಾಹ್ನ ಹುಟ್ಟಿದಳು. ಸೊಸೆ ಪ್ರೇರಣಾ ಆರೋಗ್ಯವಾಗಿದ್ದಾಳೆ. ಮಗು ನೋಡಿದರೆ ನನ್ನ ಅಮ್ಮನ ಹಣೆ, ಅದೇ ಹಣೆ. ಶಾರದಾ ತನ್ನ ಅಮ್ಮನ ಮೂಗು ಅನ್ನುತ್ತಾಳೆ. ಹೆಸರುಂಡೆ... ಇಲ್ಲ, ಇಲ್ಲಿ ಲಡ್ಡುವೇ ಗತಿ. ಸೆಕ್ಷನ್ನಿಗೆಲ್ಲ ಹಂಚಿದೆ. ಇವತ್ತು ಕಂಪ್ಯೂಟರ್ ಆನ್ ಮಾಡಲೇ ಇಲ್ಲ.

೧೯, ಬುಧವಾರ

ತಾಯಿ ಮಗು ನಮ್ಮ ಆರ್.ಕೆ. ಪುರಂ ಕ್ವಾರ್ಟರ್ಸಿಗೇ ಬಂದರು. ಗ್ರೇಟರ್ ನೋಯ್ಡಾ ದೂರ, ಅಲ್ಲಿ ಯಾರೂ ಇಲ್ಲ. ಮೋಡೆಮ್ ಕಿರುಚಿತು, ಮಗು ಅದಕ್ಕಿಂತ ಜೋರಾಗಿ ಕಿರುಚಿತು. ಶಾರದಾ ನನ್ನನ್ನು ನೋಡಿದ ನೋಟ ಬರೆಯುವ ಹಾಗಿಲ್ಲ.

ಸಂಜೆ ಬೀಗಿತ್ತಿ ಇಂದಿರಮ್ಮನವರ ಫೋನ್ ಬಂತು, ಗುಲ್ಬರ್ಗದಿಂದ. ಬಾಣಂತನ ಮಾಡಲು ಮನಸ್ಸು ತುಂಬ ಇದೆ. ಕೆ.ಕೆ. ಎಕ್ಸ್‌ಪ್ರೆಸ್ಸಿಗೆ ಟಿಕೆಟ್ಟೂ ಆಗಿದೆ, ಇಪ್ಪತ್ತೆಂಟಕ್ಕೆ. ಆದರೆ ಭಯ. ಯಜಮಾನರು ಹೋದ ಮೇಲೆ ಸೊಲ್ಲಾಪುರ ದಾಟಿಲ್ಲ, ಹಿಂದಿ ಬರುವುದಿಲ್ಲ, ಕರೆದುಕೊಂಡು ಬರಲು ಗಂಡುಮಗನಿಲ್ಲ. "ನಂಬಿಗಿ ಮಂದಿ ಒಬ್ರು ಜೋಡಿ ಇದ್ರ ಬರ್ತೀನ್ರಿ. ಅವ್ರೇ ಮೊದ್ಲ ನನಗ ಫೋನ್ ಮಾಡಿ ಮಾತಾಡ್ಬೇಕ್ರಿ. ಇಲ್ಲಂದ್ರ ನನ್ನ ಕಾಲು ಗಾಡಿ ಹತ್ತಂಗಿಲ್ಲ." ಪ್ರೇರಣಾ ಫೋನ್ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಅಳುತ್ತಿದ್ದಳು. ನನಗೆ ಬಜೆಟ್ ಕೆಲಸ, ರಜೆ ಇಲ್ಲ. ಸಾತ್ವಿಕ್‌ಗೂ ಇಲ್ಲ.

"ನಾನು ಜೊತೆ ಹುಡುಕಿ ಕೊಡ್ತೀನಮ್ಮ. ಸೈಟ್ ಇರೋದೇ ಅದಕ್ಕೆ," ಎಂದೆ.

ಶಾರದಾ ತಕ್ಷಣ ಹಿಡಿದುಕೊಂಡಳು. "ಸಿಗದೇ ಹೋದ್ರೆ ಆ ಕಂಪ್ಯೂಟರ್ ಪೆಟ್ಟಿಗೆ ಮಂಚದ ಕೆಳಗೆ. ಆ ಜಾಗದಲ್ಲಿ ತೊಟ್ಟಿಲು."

ಒಪ್ಪಿಕೊಂಡೆ. ಬಾಣಂತಿಯ ಎದುರು ಇನ್ನೇನು ಹೇಳಲಿ.

೨೧, ಶುಕ್ರವಾರ

ಸಿಕ್ಕಿದ. ಮಹಂತೇಶ್. ಬೀದರ್ ಕಡೆಯ ಹುಡುಗ, ಗುಡಗಾಂವಿನ ಐಟಿ ಕಂಪನಿ, ಈಗ ಬೆಂಗಳೂರಿನಲ್ಲಿದ್ದಾನೆ. ಇಪ್ಪತ್ತೇಳರ ಸಂಜೆ ಅಲ್ಲಿ ಅದೇ ರೈಲು ಹತ್ತುತ್ತಾನೆ, ಮರುದಿನ ಅದು ಗುಲ್ಬರ್ಗಕ್ಕೆ ಬರುತ್ತದೆ. ಬಲಗಡೆಯ ಕಾಲಮ್ಮಿನಲ್ಲಿ ತಾನೇ ಹೆಸರು ಹಾಕಿದ್ದ. ಫೋನ್ ಮಾಡಿದೆ. ಒಳ್ಳೆಯ ಮಾತು. ನಮ್ಮ ಮನೆಯ ನಂಬರ್ ಕೊಟ್ಟೆ. ಗುಲ್ಬರ್ಗದಲ್ಲಿ ಅವರ ಬೋಗಿಗೇ ಬಂದು ನೋಡಿಕೊಳ್ಳುತ್ತೇನೆ ಎಂದ. ಇಂದಿರಮ್ಮನವರ ಬೋಗಿ, ಸೀಟು ಕೇಳಿಕೊಂಡು ನಾನು ಮತ್ತೆ ಹೇಳಬೇಕು, ಆಮೇಲೆ ಅವನು ಅವರಿಗೆ ಫೋನ್ ಮಾಡುತ್ತಾನೆ.

ನಂಬರ್ ಬರೆದಿಟ್ಟುಕೊಳ್ಳಿ ಎಂದಳು ಶಾರದಾ. ಸೈಟಿನಲ್ಲೇ ಇದೆಯಲ್ಲ ಎಂದು ನಕ್ಕೆ.

೨೩, ಭಾನುವಾರ

ಖಾಲಿ.

ಎರಡು ಕಾಲಮ್ಮೂ ಖಾಲಿ. ಒಂದು ಹೆಸರಿಲ್ಲ, ಒಂದು ನಂಬರಿಲ್ಲ. ಜಾಹೀರಾತು ಮಾತ್ರ ಇದೆ. ಬ್ಯಾಕಪ್ ಇರುವುದು ಪ್ರೋಗ್ರಾಮಿನದು, ಹೆಸರುಗಳದ್ದಲ್ಲ. ಶಾರದಾಗೆ ಇನ್ನೂ ಹೇಳಿಲ್ಲ.

೨೪, ಸೋಮವಾರ

ಹೇಳಬಾರದಿತ್ತು, ಹೇಳಿಬಿಟ್ಟೆ. ಬೆಳಿಗ್ಗೆಯೇ ಈಶ್ವರಪ್ಪನವರಿಗೆ ಫೋನ್ ಮಾಡಿ, "ಯಾರೋ ಬೇಕೂಂತಲೇ ಅಳಿಸಿದ್ದಾರೆ ಸಾರ್. ನನ್ನ ಸೈಟು ಯಾರಿಗೆ ಕಣ್ಣುಕಿಸುರು ಅಂತ ನನಗೆ ಗೊತ್ತು," ಎಂದೆ. ಮಹಂತೇಶ್ ಅನ್ನುವವನು ಗೊತ್ತೇ ಎಂದೂ ಕೇಳಿದೆ, ನಾಚಿಕೆ ಬಿಟ್ಟು. "ಗುಡಗಾಂವಿನ ಹುಡುಗರು ನನಗೆ ಫೋನ್ ಮಾಡೋದು ಬಿಟ್ಟು ಬಹಳ ದಿನ ಆಯ್ತು ಶಂಕರ್. ಎಲ್ಲಾ ನಿಮ್ಮ ಹತ್ರಾನೇ ಬರ್ತಾರಲ್ಲ," ಎಂದರು.

ಇಂದಿರಮ್ಮ ಫೋನ್ ಮಾಡಿದ್ದರು. ಹುಡುಗ ಇನ್ನೂ ಮಾತಾಡಿಲ್ಲವಂತೆ. ಮಾಡುತ್ತಾನೆ ಎಂದೆ. ಪ್ರೇರಣಾ ಕೇಳಿಸಿಕೊಳ್ಳುತ್ತಿದ್ದಳು.

೨೫, ಮಂಗಳವಾರ

ಲಾಗ್ ಫೈಲ್ ಇಳಿಸಿದೆ. ಯಾವ ಕಂಪ್ಯೂಟರ್ ಯಾವ ಪುಟಕ್ಕೆ ಬಂದಿತ್ತು ಎಂದು ಅದರಲ್ಲಿರುತ್ತದೆ. ಶನಿವಾರ ಒಬ್ಬನೇ ಬಂದಿದ್ದಾನೆ. ಬಂದವನು ಮೊದಲು ಪಟ್ಟಿ ಓದಿದ್ದಾನೆ. ಆಮೇಲೆ ಮೊದಲನೆಯ 'ತೆಗೆ' ಒತ್ತಿದ್ದಾನೆ, ಎರಡನೆಯದು, ಮೂರನೆಯದು... ಒಂದನ್ನೂ ಬಿಡದೆ ಕೊನೆಯವರೆಗೆ. ಇಷ್ಟು ಶಿಸ್ತಿನ ಕೆಲಸ ನಮ್ಮ ಸೆಕ್ಷನ್ನಿನಲ್ಲಿ ಯಾರೂ ಮಾಡಿದ್ದು ನಾನು ಕಾಣೆ.

ಅವನು ಮನುಷ್ಯನೇ ಅಲ್ಲ. ಸರ್ಚ್ ಎಂಜಿನ್ನಿನ ರೋಬೋಟ್. ಊರೂರು ತಿರುಗಿ ಸಿಕ್ಕ ಲಿಂಕನ್ನೆಲ್ಲ ತೆರೆದು ನೋಡುವುದೇ ಅದರ ಉದ್ಯೋಗ. ಬಾಗಿಲು ತೆರೆದಿತ್ತು, ಬಂತು. 'ತೆಗೆ' ಎಂದು ಬರೆದಿತ್ತು, ತೆಗೆಯಿತು. ತಪ್ಪು ಅದರದ್ದಲ್ಲ. ಆಫೀಸಿನಲ್ಲಿ ಹತ್ತು ವರ್ಷದ ರದ್ದಿ ಕಾಗದ ಎಸೆಯಲೂ ಮೂರು ಜನರ ರುಜು ಕೇಳುವವನು ನಾನು. ಮನೆಯಲ್ಲಿ ಹೀಗೆ.

ಈಶ್ವರಪ್ಪನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

"ಬಿಡಿ ಶಂಕರ್. ನನಗೆ ಇಮೇಲ್ ತೆಗೆಯೋಕೇ ಬರಲ್ಲ. ಸೈಟ್ ಅಳಿಸೋವಷ್ಟು ಕಂಪ್ಯೂಟರ್ ಬರುತ್ತೆ ಅಂತ ತಿಳ್ಕೊಂಡ್ರಲ್ಲ, ಅದನ್ನ ಮನೇಲೂ ಹೇಳಿದೀನಿ. ಮೊಮ್ಮಕ್ಕಳು ಬಹಳ ಮರ್ಯಾದೆ ಕೊಡ್ತಿದಾರೆ."

ಶಾರದಾಗೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅದು ಇನ್ನೂ ಕಷ್ಟ. ನಾಡಿದ್ದು ಸಂಜೆ ಆ ಹುಡುಗ ಬೆಂಗಳೂರಿನಲ್ಲಿ ರೈಲು ಹತ್ತುತ್ತಾನೆ. ಅಷ್ಟರೊಳಗೆ ಅವನು ಸಿಗದಿದ್ದರೆ ಇಂದಿರಮ್ಮ ಬರುವುದಿಲ್ಲ. ಯಾರೋ ಒಬ್ಬರು ಬರ್ತಾರೆ ಅಂತ ಸುಳ್ಳು ಹೇಳಿ ಹತ್ತಿಸೋಣ ಎಂದ ಸಾತ್ವಿಕ್. ಬೇಡ ಎಂದೆ. ಅವರು ನಂಬಿಕೆ ಅಂದದ್ದನ್ನು ಕೇಳಿದ್ದೇನೆ.

೨೬, ಬುಧವಾರ

ಟಿವಿಯಲ್ಲಿ ಪರೇಡ್. ಒಂಟೆಗಳು ಹೋಗುತ್ತಿದ್ದವು. ಶಾರದಾ ಮಗುವಿಗೆ ಎಣ್ಣೆ ಹಚ್ಚುತ್ತ, ನನ್ನ ಮುಖ ನೋಡದೆ ಹೇಳಿದಳು— "ತಗೊಂಡು ಹೋದೋನು ಎಲ್ಲಾದ್ರೂ ಇಟ್ಟಿರ್ತಾನಲ್ಲ. ಅವನನ್ನೇ ಕೇಳಬಾರದಾ?"

"ಅದು ರೋಬೋಟ್ ಕಣೇ. ಅದನ್ನ ಏನು ಕೇಳೋದು," ಎಂದೆ. ಎಂದವನು ಅಲ್ಲೇ ನಿಂತೆ.

ಅದು ಮೊದಲು ಪಟ್ಟಿ ಓದಿತ್ತು. ಅಳಿಸುವ ಮೊದಲು. ಓದಿದ ಪುಟದ ಒಂದು ನಕಲು ಸರ್ಚ್ ಎಂಜಿನ್ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಫಲಿತಾಂಶದ ಪಕ್ಕದಲ್ಲಿ ಸಣ್ಣಗೆ 'ಕ್ಯಾಶ್ಡ್' ಎಂದಿರುತ್ತದೆ, ನಾನು ಎಂದೂ ಒತ್ತಿದವನಲ್ಲ. ಮೋಡೆಮ್ ಹಚ್ಚಿದೆ. ಮಗು ಕಿರುಚಿತು, ಕಿರುಚಲಿ. ಸೈಟಿನ ಹೆಸರು ಹೊಡೆದೆ. ಒತ್ತಿದೆ. ಪುಟ ಮೇಲಿನಿಂದ ಒಂದೊಂದೇ ಸಾಲು ಇಳಿಯಿತು. ತೂಕ ಇಳಿಸುವ ಮಾತ್ರೆ. ಎಡದ ಕಾಲಮ್. ಬಲದ ಕಾಲಮ್. ಮಹಂತೇಶ್, ನಂಬರ್ ಸಮೇತ. ಎಲ್ಲರೂ ಇದ್ದರು, ಇದ್ದ ಹಾಗೇ.

ಅತ್ತುಬಿಟ್ಟೆ. ಬರೆಯಲು ನಾಚಿಕೆ, ಆದರೆ ಅತ್ತೆ.

ಫೋನ್ ಮಾಡಿದರೆ ಮಹಂತೇಶ್ ಹೇಳಿದ್ದು: "ಭಾನುವಾರದಿಂದ ಹಚ್ಚಾಕ ಹತ್ತೀನ್ರಿ ಸರ್. ಯಾವಾಗ ಹಚ್ಚಿದ್ರೂ ನಿಮ್ಮ ಫೋನ್ ಎಂಗೇಜ್." ಎಂಗೇಜ್ ಇರದೆ ಏನು. ಅವನ ನಂಬರ್ ಹುಡುಕುತ್ತ ನಾನು ಇಂಟರ್‌ನೆಟ್ಟಿನಲ್ಲೇ ಇದ್ದೆನಲ್ಲ. ಶಾರದಾ ಎಕ್ಸ್‌ಟೆನ್ಶನ್ನಿನಲ್ಲಿ ಕೇಳಿಸಿಕೊಂಡಳು. ಬಾಣಂತಿಯ ಕೋಣೆಯವರೆಗೂ ಅವಳ ನಗು ಹೋಯಿತು.

ಬೋಗಿ, ಸೀಟು ಹೇಳಿದೆ; ಅವನು ಆಗಲೇ ಇಂದಿರಮ್ಮನವರಿಗೆ ಫೋನ್ ಮಾಡಿ ಒಪ್ಪಿಸಿದ. ಅವನ ನಂಬರ್ ಈ ಸಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಅವಳೇ ಪೆನ್ ಕೊಟ್ಟಳು.

೨೯, ಶನಿವಾರ

ಮಂಜು. ನ್ಯೂಡೆಲ್ಲಿ ಸ್ಟೇಷನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮ್ ಕಾಣುತ್ತಿರಲಿಲ್ಲ. ಕೆ.ಕೆ. ಎಷ್ಟು ಲೇಟು ಎಂದು ಕೇಳಿದರೆ ಎನ್‌ಕ್ವೈರಿಯವನು ಕರುಣೆಯಿಂದ ನೋಡಿದ. ಮಫ್ಲರ್ ಸುತ್ತಿಕೊಂಡು ಈಶ್ವರಪ್ಪನವರು ಆಗಲೇ ಬಂದು ಕೂತಿದ್ದರು. ಯಾರು ಹೇಳಿದರು ಎಂದೆ. "ನನಗೆ ಯಾರೂ ಹೇಳ್ಬೇಕಾಗಿಲ್ಲ. ನನ್ನದೂ ಒಂದು ಸೈಟ್ ಇದೆ," ಎಂದು ತಲೆ ಮುಟ್ಟಿ ತೋರಿಸಿದರು. ಚಹಾ ಭಯ್ಯಾನಿಗೆ ಅವರೇ ದುಡ್ಡು ಕೊಟ್ಟರು.

ಸಾಯಂಕಾಲ ರೈಲು ಬಂತು. ಮಹಂತೇಶ್ ಮೊದಲು ಇಳಿದ, ಎರಡು ಹೆಗಲಿಗೂ ಚೀಲ, ಕೈಯಲ್ಲಿ ಅಂಟಿನುಂಡೆಯ ಡಬ್ಬಿ. ಹಿಂದೆ ಇಂದಿರಮ್ಮ, ಬರಿಗೈಯಲ್ಲಿ. ಬೋಗಿಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಹಂಚಿ ಬಂದಿದ್ದರು. ಝಾನ್ಸಿಯ ಒಬ್ಬಳು ಹೆಂಗಸಿಗೆ ಬಾಣಂತಿ ಮದ್ದೂ ಹೇಳಿಕೊಟ್ಟಿದ್ದರಂತೆ. ಯಾವ ಭಾಷೆಯಲ್ಲಿ ಎಂದು ಕೇಳಿದೆ.

"ನನ್ನ ಭಾಷಾದಾಗ್ರಿ. ಆಕೀಗಿ ತಿಳೀತು." ಆಮೇಲೆ ಮಹಂತೇಶನ ಕಡೆ ತಿರುಗಿ, "ಹುಡುಗ ಭಾಳ ಚಲೋ ಅದಾನ್ರಿ. ಊಟ ಒಂದು ಕಡಿಮಿ," ಎಂದರು.

ಮನೆಯಲ್ಲಿ ಅವ್ವ ಮಗಳು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಶಾರದಾ ಬಂದು ಕಂಪ್ಯೂಟರಿನ ಮೇಲಿನ ಧೂಳು ಒರೆಸಿದಳು. ತೊಟ್ಟಿಲಿಗೆ ಬೇರೆ ಜಾಗ ನೋಡಿದ್ದಾಳಂತೆ.

೬ ಫೆಬ್ರವರಿ, ಭಾನುವಾರ

'ತೆಗೆ' ಒತ್ತಿದರೆ ಈಗ ಒಂದು ಪ್ರಶ್ನೆ ಕೇಳುತ್ತದೆ— ಕೋಸಂಬರಿಗೆ ಯಾವ ಬೇಳೆ ನೆನೆಹಾಕಬೇಕು? ರೋಬೋಟಿಗೆ ಗೊತ್ತಿರುವುದಿಲ್ಲ. ಆದರೆ ಕಡಲೆಬೇಳೆಯ ಪಕ್ಷದವರು ಆಗಲೇ ಆಫೀಸಿಗೆ ಫೋನ್ ಮಾಡಿ ಜಗಳಕ್ಕೆ ನಿಂತಿದ್ದಾರೆ.

೧೭ ಏಪ್ರಿಲ್, ಭಾನುವಾರ

ಬಹಳ ದಿನ ಬರೆಯಲಿಲ್ಲ. ಮಗು ನಗುತ್ತದೆ, ಮೋಡೆಮ್ ಕೇಳಿದರೂ ನಗುತ್ತದೆ. ಪೆನ್ ಹಿಡಿಯಲು ಪುರಸೊತ್ತೆಲ್ಲಿ.

ಇಂದಿರಮ್ಮ ಮುಂದಿನ ಭಾನುವಾರ ಹೊರಡುತ್ತಾರೆ. ಸಾಯಂಕಾಲ ತಾವಾಗಿಯೇ ಬಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. "ನನ್ನ ಹೆಸರೂ ಹಾಕ್ರಲ್ಲಾ ಅದ್ರಾಗ." ಹಾಕಿದೆ. ಎಡಗಡೆಯ ಕಾಲಮ್ಮಿನಲ್ಲಿ, ಕೇಳದೆಯೇ. ಅವರು ಕನ್ನಡಕ ಏರಿಸಿ ನೋಡಿದರು.

"ಇದು ಯಾವ ಕಡಿರಿ?"

"ಜೊತೆ ಬೇಕು."

"ಬ್ಯಾಡ್ರಿ. ಆ ಕಡಿ ಹಾಕ್ರಿ. ಯಾರರ ಅಂಜಿ ಮನ್ಯಾಗ ಕುಂತಿದ್ರ ನಾ ಇದ್ದೀನಿ ಅಂತ ಬರೀರಿ."

ಎಡದ್ದನ್ನು ತೆಗೆಯಲು ಹೋದೆ, ಬೇಳೆಯ ಪ್ರಶ್ನೆ ಬಂತು, ಉತ್ತರ ಅವರೇ ಹೇಳಿದರು. ಬಲಕ್ಕೆ ಹಾಕಿದೆ. ಇಂದಿರಮ್ಮ, ಗುಲ್ಬರ್ಗ, ಜೊತೆ ಇದ್ದೇನೆ.

ಶಾರದಾ ಬಂದು ಇಂಟರ್‌ನೆಟ್ ಬಂದ್ ಮಾಡಿಸಿದಳು, ಯಾರಾದರೂ ಫೋನ್ ಮಾಡಿದರೆ ಎಂಗೇಜ್ ಬರಬಾರದಂತೆ. ಮೂವರೂ ಫೋನಿನ ಸುತ್ತ ಕೂತಿದ್ದೇವೆ. ನಾನು ಇದನ್ನು ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗದೆ.

ಬಂತು. ಮುನಿರ್ಕಾದಿಂದ ಯಾರೋ ಹುಡುಗಿ. ಅವಳ ಅಮ್ಮ ಒಬ್ಬರೇ ಊರಿಗೆ ಹೋಗಬೇಕಂತೆ, ಭಯವಂತೆ. ಇಂದಿರಮ್ಮ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. "ಅವ್ವಗ ಕೊಡವ್ವಾ... ಹಲೋ. ಅಂಜಬ್ಯಾಡ್ರಿ. ನಾ ಬಂದು ನಿಮ್ಮ ಬೋಗಿಗೇ—"